ಮೊದಲು ತಪ್ಪು ಹೇಳುವ ದನಿ

ನಮ್ಮ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ ಕಾಶವ್ವ, ದಿನಾ ಬೆಳಿಗ್ಗೆ ಎಪ್ಪತ್ತು ಸಾವಿರ ಜನರ ಕಿವಿಯಲ್ಲಿ ಮಾತಾಡುತ್ತಿದ್ದಳು. ಅದೇ ಹೊತ್ತಿಗೆ ಹಳೇ ಹುಬ್ಬಳ್ಳಿಯ ತನ್ನ ರೊಟ್ಟಿ ಕೇಂದ್ರದಲ್ಲಿ ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಲೂ ಇದ್ದಳು. ಎರಡೂ ನಿಜ. ಇಂಥದ್ದೊಂದು ಆಗುವಂತೆ ಮಾಡಿದವಳು ನಾನೇ, ಆದ್ದರಿಂದ ಅದನ್ನು ಹೇಳುವ ಹಕ್ಕೂ ನನ್ನದೇ. ನಡುವೆ ಎರಡು ಸಲ ಎದ್ದು ಚಹಾ ಮಾಡಿಕೊಂಡು ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಒಂದೇ ಕಡೆ ಕೂತು ಹೇಳುವ ಸ್ವಭಾವ ನನ್ನದಲ್ಲ.

ನಾನು ಶಶಿಕಲಾ. ಧಾರವಾಡದ ‘ಶ್ರವಣಿ’ ಪ್ರಯೋಗಾಲಯದಲ್ಲಿ ಕೆಲಸ. ಈಗ ಎಲ್ಲರ ಕಿವಿಯ ಹಿಂದೆ ಕಾಣುವ ಕಿವಿಮಣಿ ತಯಾರಾದದ್ದು ಅಲ್ಲಿ. ಕಡಲೆಕಾಳಿನಷ್ಟು ಯಂತ್ರ, ಕಿವಿಯ ಹಿಂದಿನ ಎಲುಬಿಗೆ ತಾಗಿ ಕೂರುತ್ತದೆ. ದನಿ ಎಲುಬಿನ ನಡುಕವಾಗಿ ಒಳಗೆ ಹೋಗುವುದರಿಂದ ಪಕ್ಕದವರಿಗೆ ಏನೂ ಕೇಳಿಸದು. ಮಣಿ ಬರೀ ಕೇಳಿಸುವುದಿಲ್ಲ, ನಮ್ಮನ್ನು ಗಮನಿಸುತ್ತಲೂ ಇರುತ್ತದೆ. ನಾಡಿ, ಉಸಿರು, ಚರ್ಮದ ತೇವ ಇವನ್ನೆಲ್ಲ ಅಳೆದು, ಕೇಳುವವರ ಮನಸ್ಸು ಕಥೆಯ ಮೇಲೆ ನಿಂತಿದೆಯೋ ಜಾರುತ್ತಿದೆಯೋ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ನಾವು ಇಟ್ಟ ಹೆಸರು ಚಡಪಡಿಕೆ ಅಂಕಿ. ಅಂಕಿ ಏರಿತೆಂದರೆ ಮಣಿ ಆ ಧಾರಾವಾಹಿ ನಿಲ್ಲಿಸಿ ಇನ್ನೊಂದನ್ನು ಸೂಚಿಸುತ್ತದೆ. ಲಕ್ಷಗಟ್ಟಲೆ ಕೇಳುಕಥೆಗಳು, ಪಾಡ್‌ಕಾಸ್ಟುಗಳು ಬಿದ್ದಿದ್ದವು. ಯಾರಿಗೆ ಯಾವುದು ಎಂದು ಆರಿಸಿ ಕೊಡುವುದು ನಮ್ಮ ಕೆಲಸ.

ಆರಿಸುವುದೇನೋ ಸರಿಯಾಗೇ ಇತ್ತು. ಆದರೆ ಜನ ಹತ್ತು ನಿಮಿಷ ಕೇಳುವುದು, ಬಿಡುವುದು, ಇನ್ನೊಂದು ಹಚ್ಚುವುದು, ಅದನ್ನೂ ಬಿಡುವುದು. ಬಸ್ಸಿನಲ್ಲಿ ನೋಡಿದರೆ ಎಲ್ಲರ ಕೈಯೂ ಕಿವಿಯ ಹಿಂದೆಯೇ. ನಿಯಂತ್ರಣ ಕೋಣೆಯ ಗೋಡೆಯ ಮೇಲೆ ದೊಡ್ಡ ನಕಾಶೆ ಇತ್ತು. ಒಬ್ಬೊಬ್ಬ ಕೇಳುಗನೂ ಒಂದೊಂದು ಚುಕ್ಕೆ. ಧಾರವಾಡ, ಗದಗ, ಹಾವೇರಿ ಎಲ್ಲ ಕಡೆ ಚುಕ್ಕೆಗಳು ಕೆಂಪಗೆ ಮಿಟುಕುತ್ತಿದ್ದವು. ನಮ್ಮ ಮುಖ್ಯಸ್ಥ ಕಟ್ಟಿ ಸರ್ ಆ ಗೋಡೆಯ ಮುಂದೆ ನಿಂತು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇಷ್ಟು ಸರಿಯಾಗಿ ಆರಿಸಿ ಕೊಟ್ಟರೂ ಜನ ಯಾಕೆ ನಂಬುತ್ತಿಲ್ಲ?

ನನಗೆ ಗೊತ್ತಿತ್ತು. ‘ಇದು ನಿಮಗೆ ಇಷ್ಟವಾಗಬಹುದು’ ಎಂದು ಸಕ್ಕರೆ ಸವರಿದ ದನಿಯಲ್ಲಿ ಯಾರೋ ಹೇಳಿದರೆ ಯಾರು ನಂಬುತ್ತಾರೆ? ನಂಬುವುದು ನಮ್ಮ ದೊಡ್ಡವ್ವನಂಥವರನ್ನು.

ದೊಡ್ಡವ್ವನ ಕೇಂದ್ರದಲ್ಲಿ ಎಂಟು ಜನ ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಮಣಿ ಬರುವ ಮೊದಲು ಅಲ್ಲೊಂದು ಸ್ಪೀಕರ್ ಇತ್ತು. ಒಂದೇ ಧಾರಾವಾಹಿಯನ್ನು ಎಲ್ಲರೂ ಕೇಳಬೇಕು. ಯಾವುದು ಹಚ್ಚಬೇಕೆಂದು ಹೇಳುವವಳು ದೊಡ್ಡವ್ವ, ಮನೆಯಲ್ಲಿ ಮೊದಲೇ ಕೇಳಿಕೊಂಡು ಬಂದಿರುತ್ತಿದ್ದಳು. ಅವಳು ಹೇಳುವುದಕ್ಕೆ ಒಂದು ಪದ್ಧತಿ ಇತ್ತು. ಮೊದಲು ತಪ್ಪು, ಆಮೇಲೆ ಗುಣ. ಕಥೆ ಇರಲಿ, ಸೀರೆ ಇರಲಿ, ಮನುಷ್ಯರಿರಲಿ, ಇದೇ ಪದ್ಧತಿ. ‘ಏಳನೇ ಪ್ಲಾಟ್‌ಫಾರ್ಮು’ ಎಂಬ ಪತ್ತೇದಾರಿ ಕಥೆಯ ಬಗ್ಗೆ ಅವಳು ಹೇಳಿದ್ದು ನನಗೆ ಇನ್ನೂ ನೆನಪಿದೆ: “ಅದರಾಗಿನ ಹುಡುಗಿ ಮಾತಿಗೊಮ್ಮೆ ಅಳತಾಳ, ಕಿವಿ ಮುಚ್ಕೋಬೇಕು ಅನಸತೈತಿ. ಆದ್ರ ಕೊಂದಾಂವ ಯಾರಂತ ನಿಮ್ಮಪ್ಪಗೂ ತಿಳಿಯೂದಿಲ್ಲ.” ಅಷ್ಟು ಹೇಳಿದಳೆಂದರೆ ಎಂಟೂ ಜನ ಕೊನೆಯ ಕಂತಿನವರೆಗೆ ಕೇಳುತ್ತಿದ್ದರು.

ಇದೇ ಪದ್ಧತಿ ನಮ್ಮ ಮನೆಯನ್ನು ಎರಡು ಮಾಡಿತ್ತು. ಆರು ವರ್ಷದ ಹಿಂದೆ ಅಣ್ಣಿಗೇರಿಯ ನಮ್ಮ ಮನೆಗೆ ನನ್ನನ್ನು ನೋಡಲು ಗಂಡಿನವರು ಬಂದಿದ್ದರು. ಗಂಡಿನ ತಾಯಿ ಮರ್ಯಾದೆಗೆಂದು ದೊಡ್ಡವ್ವನನ್ನು, ನೀವು ಹಿರಿಯರು, ಹುಡುಗಿ ಹೇಗೆ ಹೇಳಿ ಎಂದು ಕೇಳಿದಳು. ದೊಡ್ಡವ್ವ ಸರಿಯಾಗಿ ಕೂತುಕೊಂಡು, “ಹುಡುಗಿಗೆ ಸಿಟ್ಟು ಭಾಳ್ರಿ” ಎಂದಳು. ಆ ತಾಯಿ ಅವಲಕ್ಕಿ ತಟ್ಟೆ ಕೆಳಗಿಟ್ಟಳು. ಅವ್ವ ಒಳಗಿನಿಂದ ಚೀರುತ್ತ ಬಂದಳು. ಗದ್ದಲದಲ್ಲಿ ದೊಡ್ಡವ್ವನ ಉಳಿದ ಅರ್ಧ ಮಾತು ಬಾಯೊಳಗೇ ಉಳಿಯಿತು. ಗಂಡಿನವರು ಎದ್ದು ಹೋದರು. ನನ್ನ ಹೊಸ್ತಿಲು ತುಳಿಯಬೇಡ ಎಂದು ಅವ್ವ ತನ್ನ ಅಕ್ಕನಿಗೆ ಹೇಳಿದಳು, ಅಕ್ಕ ತುಳಿಯಲಿಲ್ಲ.

ನನಗೆ ಆ ಗಂಡು ಹೋದದ್ದಕ್ಕೆ ಎಳ್ಳಷ್ಟೂ ಬೇಸರವಾಗಲಿಲ್ಲ. ಕೂತಷ್ಟು ಹೊತ್ತೂ ಕಾಲು ಅಲ್ಲಾಡಿಸುತ್ತಿದ್ದ. ಒಂದು ಮನೆಗೆ ಚಡಪಡಿಕೆಯವರು ಒಬ್ಬರು ಸಾಕು. ಆದರೆ ಅವ್ವನಿಗೆ ಅದು ಹಾಗಲ್ಲ. ಆಮೇಲೆ ಬಂದ ಗಂಡಿನ ಕಡೆಯವರೆಲ್ಲ ‘ಸಿಟ್ಟಿನ ಹುಡುಗಿಯಂತೆ’ ಎಂದು ಕೇಳಿಕೊಂಡೇ ಬಂದರು. ಅಪ್ಪ ತೀರಿಕೊಂಡ ಮೇಲೆ ಕುಬಸ ಹೊಲಿದು ನನ್ನನ್ನು ಓದಿಸಿದವಳು ಅವ್ವ. ಅವಳ ಅಕ್ಕನ ಬಾಯಿಂದಲೇ ಆ ಮಾತು ಊರೆಲ್ಲ ಹರಡಿತಲ್ಲ, ಅದನ್ನು ಅವಳು ನುಂಗಿಕೊಳ್ಳಲಾರದೆ ಹೋದಳು. ಮನೆಯಲ್ಲಿ ಅಕ್ಕನ ಹೆಸರೂ ಬರದಂತೆ ಆಯಿತು. ನಾನು ಹುಬ್ಬಳ್ಳಿಗೆ ಕದ್ದು ಹೋಗಿ ದೊಡ್ಡವ್ವನ ರೊಟ್ಟಿ ತಿಂದು ಬರುತ್ತಿದ್ದೆ.

ಹೀಗಿರುವಾಗ ಕಟ್ಟಿ ಸರ್‌ಗೆ ದೊಡ್ಡವ್ವನ ವಿಷಯ ಹೇಳಿದೆ. ಅವರ ಕಣ್ಣು ಅರಳಿತು. ಒಂದು ವಾರ ಕೇಂದ್ರದಲ್ಲೇ ಕೂತು ದೊಡ್ಡವ್ವನ ಮಾತು ಮುದ್ರಿಸಿಕೊಂಡೆವು. ಅವಳ ದನಿ, ಉಸಿರು, ರೊಟ್ಟಿ ತಿರುಗಿಸುವಾಗ ಮಾತು ನಿಲ್ಲುವ ರೀತಿ, ಎಲ್ಲವನ್ನೂ ಯಂತ್ರ ಕಲಿಯಿತು. ಯಾವ ಕಥೆ ಕೇಳಬೇಕೆಂಬ ಬೆಳಗಿನ ಸೂಚನೆ ಇನ್ನು ಮೇಲೆ ಸಕ್ಕರೆ ದನಿಯ ಬದಲು ಅವಳ ದನಿಯಲ್ಲಿ. ದೊಡ್ಡವ್ವ ಒಂದೇ ಕರಾರು ಹಾಕಿದ್ದಳು: ತಾನು ಕೇಳದ ಕಥೆಯನ್ನು ತನ್ನ ಬಾಯಿಂದ ಛಲೋ ಅನ್ನಿಸಬಾರದು. ನಾನು ಆಗಲಿ ಎಂದೆ. ಮೊದಮೊದಲು ಹಾಗೇ ನಡೆಯಿತು. ನಕಾಶೆಯ ಮೇಲಿನ ಕೆಂಪು ಚುಕ್ಕೆಗಳು ಒಂದೊಂದಾಗಿ ಹಸಿರಾದವು. ಜನ ಕಥೆಗಳನ್ನು ಕೊನೆಯವರೆಗೆ ಕೇಳತೊಡಗಿದರು. ಆಮೇಲೆ ಕಟ್ಟಿ ಸರ್ ಅಂದರು, ನಿಮ್ಮ ದೊಡ್ಡವ್ವ ಕೇಳಿದ್ದು ನೂರು ಕಥೆ, ನಮ್ಮಲ್ಲಿರುವುದು ಲಕ್ಷ, ಅವರು ಎಲ್ಲ ಕೇಳುವವರೆಗೆ ಕಾಯಲಿಕ್ಕಾಗುತ್ತದೆಯೇ? ಯಂತ್ರ ತಾನೇ ಮಾತು ಕಟ್ಟಲು ಶುರುಮಾಡಿತು. ಮೊದಲು ತಪ್ಪು ಹೇಳಿದರೆ ಜನ ನಂಬುತ್ತಾರೆಂದು ಅದಕ್ಕೆ ತಿಳಿದಿತ್ತು. ತಪ್ಪೇ ಇಲ್ಲದ ಕಥೆಗೂ ಒಂದು ತಪ್ಪು ಹುಟ್ಟಿಸಿ ಹೇಳುತ್ತಿತ್ತು.

ಕೇಂದ್ರದ ಸ್ಪೀಕರ್ ಮೂಲೆ ಸೇರಿತು. ಎಂಟೂ ಜನರ ಕಿವಿಗೆ ಮಣಿ ಬಂತು, ಒಬ್ಬೊಬ್ಬರಿಗೆ ಒಂದೊಂದು ಕಥೆ. ಮೊದಲಾಗಿದ್ದರೆ, ಅವನು ಅವಳನ್ನು ಬಿಟ್ಟನಂತೆ, ಅವಳ ಅತ್ತೆ ಸರಿಯಿಲ್ಲವಂತೆ ಎಂದು ಜಗಳವಾಡುತ್ತ ರೊಟ್ಟಿ ಬಡಿಯುತ್ತಿದ್ದವರು ಈಗ ಪಟಪಟ ಸದ್ದು ಬಿಟ್ಟರೆ ಮಾತಿಲ್ಲದೆ ಕೂತರು. ಒಂದು ದಿನ ದೊಡ್ಡವ್ವ ಪಕ್ಕದ ದಾವಲಬಿಗೆ, ಹೊಸದೊಂದು ಕೇಳಿದೆ, ಅದನ್ನು ಹಚ್ಚಿಕೋ ಎಂದಳು. ದಾವಲಬಿ ರೊಟ್ಟಿ ತಿರುಗಿಸುತ್ತಲೇ, ಮುಂಜಾನೆ ನೀವೇ ಬೇರೆಯದನ್ನು ಹೇಳಿದಿರಲ್ಲ ಅಕ್ಕಾ, ಅದನ್ನೇ ಕೇಳುತ್ತಿದ್ದೇನೆ ಎಂದಳು. ದೊಡ್ಡವ್ವ ಅವಳ ಮಣಿ ಕಿತ್ತು ತನ್ನ ಕಿವಿಗೆ ಹಚ್ಚಿಕೊಂಡಳು. ತಾನು ಹೆಸರೂ ಕೇಳದ ಕಥೆಯನ್ನು ತಾನೇ ಹೊಗಳುವುದು ಕೇಳಿಸಿತು.

ಮರುದಿನ ನನ್ನನ್ನು ಕರೆಸಿದಳು. ರೊಟ್ಟಿ ಕೊಡಲಿಲ್ಲ. “ನನ್ನ ದನಿ ನನಗ ವಾಪಸ್ ಕೊಡು ಶಶೀ” ಎಂದಳು. ತಾನು ಎದುರಿಗೆ ಕೂತು ಹೇಳಿದ ಮಾತಿಗೆ ಕಿಮ್ಮತ್ತಿಲ್ಲ, ಗಾಳಿಯಲ್ಲಿ ಬಂದ ಮಾತಿಗೆ ಕಿಮ್ಮತ್ತು, ಇದೆಂಥ ಬಾಳು ಎಂದಳು. ನನಗೆ ಬಗ್ಗಿ ಹಿಟ್ಟಿನ ಡಬ್ಬಿಯೊಳಗೆ ಮುಖ ಇಡಬೇಕೆನಿಸಿತು.

ಕಟ್ಟಿ ಸರ್ ಒಪ್ಪಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಬರುತ್ತಿದ್ದೆ. ಅವರು ನನ್ನನ್ನು ನಕಾಶೆಯ ಮುಂದೆ ನಿಲ್ಲಿಸಿ ಒಂದೊಂದೇ ಚುಕ್ಕೆ ತೋರಿಸಿದರು. ಮುಂಡರಗಿಯಲ್ಲಿ ಲಾರಿ ಅಪಘಾತದಲ್ಲಿ ಕಾಲು ಹೋಗಿ ಮಲಗಿದ ಡ್ರೈವರ್ ಒಬ್ಬ, ಬೆಳಿಗ್ಗೆ ಅವನನ್ನು ಮಾತಾಡಿಸುವ ದನಿ ಇದೊಂದೇ. ನವಲಗುಂದದಲ್ಲಿ ಪರೀಕ್ಷೆ ಪಾಸಾಗದ ಹುಡುಗಿ, ಸವಣೂರಿನಲ್ಲಿ ಹೊಸ ಸೊಸೆ. ಇವರಿಗೆಲ್ಲ ಏನು ಹೇಳುತ್ತೀರಿ ಎಂದು ಕೇಳಿದರು. ಆಮೇಲೆ ಅವರು ಅಣ್ಣಿಗೇರಿಯ ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು. ಇಂಥ ಕೇಳುಗರು ನಮಗೆ ಸಿಕ್ಕೇ ಇಲ್ಲ ಎಂದರು. ಸೂಚನೆ ಮುಗಿದ ಮೇಲೂ ಕಥೆ ಶುರು ಮಾಡದೆ ಹಾಗೇ ಕೂತಿರುತ್ತಾರೆ, ಚಡಪಡಿಕೆ ಇಳಿಯುವುದೇ ಇಲ್ಲ. ಆಗ ಯಂತ್ರ ಇನ್ನೊಂದು ಸೂಚನೆ ಹೇಳುತ್ತದೆ. ಅದಕ್ಕೂ ಇಳಿಯುವುದಿಲ್ಲ. ಆದರೆ ಮಣಿ ತೆಗೆಯುವುದಿಲ್ಲ, ಮತ್ತೆ ಮತ್ತೆ ಕೇಳುತ್ತಾರೆ.

ಹೆಸರು ನೋಡಿದೆ. ಬಾಳವ್ವ. ನಮ್ಮವ್ವ.

ಆ ಭಾನುವಾರ ಅಣ್ಣಿಗೇರಿಗೆ ಹೋದೆ. ಅವ್ವ ಹೊಲಿಗೆ ಮಶೀನಿನ ಮುಂದೆ ಕೂತಿದ್ದಳು, ಕಿವಿಯ ಹಿಂದೆ ಮಣಿ. ಪಕ್ಕದ ಮನೆಯವರು ಹಚ್ಚಿಕೊಂಡಾಗ ತಾನೂ ಹಚ್ಚಿಕೊಂಡೆ ಎಂದಳು. ಮುಖದಲ್ಲಿ ಒಂದು ಗೆಲುವು ಇತ್ತು, ಆರು ವರ್ಷದಲ್ಲಿ ನಾನು ಕಂಡಿರದ ಗೆಲುವು. ದಾರ ಪೋಣಿಸುತ್ತ, ನನ್ನ ಮುಖ ನೋಡದೆ, “ನಿಮ್ಮ ದೊಡ್ಡವ್ವ ಈಗ ದಿನಾ ಮಾತಾಡತಾಳ” ಎಂದಳು.

ಅದು ಯಂತ್ರವಲ್ಲವೇ ಅವ್ವಾ ಎಂದೆ. ಯಂತ್ರವೇ ಇರಲಿ, ಅವಳು ಹೇಳದೆ ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಅವ್ವ ನನಗೇ ತಿಳಿಹೇಳಿದಳು. ಫೋನು ಬಾಯಿಂದ ಬಾಯಿಗೆ ಮಾತು ಮುಟ್ಟಿಸುವುದಿಲ್ಲವೇ, ಇದೂ ಹಾಗೇ, ಅಕ್ಕ ಅಲ್ಲಿ ಕೂತು ಒಬ್ಬೊಬ್ಬರಿಗೂ ಆರಿಸಿ ಕಳಿಸುತ್ತಾಳೆ. ನನ್ನ ಹೊಸ್ತಿಲು ತುಳಿಯಬೇಡ ಅಂದಿದ್ದೆ, ಅದಕ್ಕೇ ಹೀಗೆ ಬರುತ್ತಾಳೆ. ಆದರೆ ಒಂದು ಮಾತ್ರ, ಮೊದಲೆಲ್ಲ ಬಾಳೀ ಅನ್ನುತ್ತಿದ್ದವಳು ಈಗ ಬಾಳವ್ವ ಅನ್ನುತ್ತಾಳೆ, ಸಿಟ್ಟು ಪೂರ್ತಿ ಇಳಿದಿಲ್ಲ ಅಂತ ಕಾಣುತ್ತದೆ. ಇಳಿಯಲಿ, ತನಗೇನು ಅವಸರವಿಲ್ಲ ಎಂದಳು.

ನಾನು ಊಟ ಮಾಡದೆ ಬಸ್ಸು ಹತ್ತಿದೆ. ದನಿ ತೆಗೆದರೆ ಅಕ್ಕ ಮತ್ತೆ ತನ್ನನ್ನು ಬಿಟ್ಟಳೆಂದು ಅವ್ವ ತಿಳಿಯುತ್ತಾಳೆ. ತೆಗೆಯದೆ ಬಿಟ್ಟರೆ ದೊಡ್ಡವ್ವ ತನ್ನ ಬಾಯಿಯನ್ನೇ ಕಳೆದುಕೊಳ್ಳುತ್ತಾಳೆ. ಒಂದು ವಾರ ನಾನು ಪ್ರಯೋಗಾಲಯದ ವರಾಂಡದಲ್ಲಿ ಅಡ್ಡಾಡಿದ್ದೇ ಅಡ್ಡಾಡಿದ್ದು. ನನ್ನ ಮಣಿ ಅಂಕಿ ನೋಡಿ ನನಗೊಂದು ಧ್ಯಾನದ ಪಾಡ್‌ಕಾಸ್ಟು ಸೂಚಿಸಿತು. ಅದೂ ದೊಡ್ಡವ್ವನ ದನಿಯಲ್ಲೇ. ಕಿತ್ತು ಚೀಲಕ್ಕೆ ಹಾಕಿದೆ.

ಅಷ್ಟರಲ್ಲಿ ಕಟ್ಟಿ ಸರ್ ಹೊಸ ಯೋಜನೆ ತಂದರು. ದನಿ ಬರೀ ಕಥೆ ಸೂಚಿಸಿದರೆ ಸಾಲದು, ಅಣ್ಣಿಗೇರಿಯವರಂಥ ಕೇಳುಗರ ಜೊತೆ ಎರಡು ಮನೆಮಾತೂ ಆಡಬೇಕು. ಮೊಣಕಾಲು ನೋವು ಹೇಗಿದೆ, ಮಗಳು ಬಂದಿದ್ದಳೇ, ಅಂಥವು. ಮುಂದಿನ ಸೋಮವಾರದಿಂದಲೇ ಶುರು ಎಂದರು. ಅವ್ವನ ಮೊಣಕಾಲಿನ ಮೇಲೆ ಯಂತ್ರಕ್ಕೇನು ಕಾಳಜಿ ಎಂದು ನನ್ನ ಮೈ ಉರಿಯಿತು. ಅವತ್ತೇ ಹುಬ್ಬಳ್ಳಿಗೆ ಹೋಗಿ ದೊಡ್ಡವ್ವನಿಗೆ ಎಲ್ಲ ಹೇಳಿಬಿಟ್ಟೆ.

ದೊಡ್ಡವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಬಂತು. ದಾವಲಬಿ ಬಂದು ಅದನ್ನು ತೆಗೆದಳು. ದೊಡ್ಡವ್ವ, “ನಾ ಇಲ್ಲೇ ಕುಂತೇನಿ. ನನ್ನ ತಂಗಿ ಜೋಡಿ ಬ್ಯಾರೆ ಯಾರೋ ಮಾತಾಡಾಕತ್ತಾರ” ಎಂದಳು. ಸೆರಗಿನಿಂದ ಕೈಗೆ ಹತ್ತಿದ ಹಿಟ್ಟು ಒರೆಸಿಕೊಂಡಳು, ಅದು ಪೂರ್ತಿ ಹೋಗಲಿಲ್ಲ. ಭಾನುವಾರ ನಸುಕಿನ ಬಸ್ಸಿಗೇ ಹೋಗೋಣ ಎಂದಳು.

ದಾರಿಯುದ್ದಕ್ಕೂ ನಾನೇ ಬಡಬಡ ಅನ್ನುತ್ತಿದ್ದೆ. ನಿಜ ಹೇಳಿದರೆ ಅವ್ವ ಇದ್ದದ್ದನ್ನೂ ಕಳೆದುಕೊಳ್ಳುತ್ತಾಳೆ, ಸುಳ್ಳೇ ಇರಲಿ ಬಿಡು, ನೀನು ಹೋಗಿ ಹೌದು ನಾನೇ ಹೇಳಿದ್ದೆ ಅಂದುಬಿಡು ಎಂದೆ. ಸಣ್ಣ ಮಾತು ಆಡಿದೆ, ಆಡಿದ ಕೂಡಲೇ ನನಗೇ ಗೊತ್ತಾಯಿತು. ದೊಡ್ಡವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು.

ನಾವು ಬಾಗಿಲಿಗೆ ಬಂದಾಗ ಅವ್ವ ಮಶೀನಿನ ಮುಂದೆಯೇ ಇದ್ದಳು. ದಿನದ ಸೂಚನೆ ಬರುವ ಹೊತ್ತು ಅದು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಿದ್ದಳು. ಕಣ್ಣೆತ್ತಿ ನೋಡಿದಳು. ಹೊಸ್ತಿಲಾಚೆ ಅಕ್ಕ ನಿಂತಿದ್ದಾಳೆ, ಅಕ್ಕನ ದನಿ ಕಿವಿಯಲ್ಲಿ ನಡೆದೇ ಇದೆ, ಅಕ್ಕನ ತುಟಿ ಮುಚ್ಚಿದೆ. ಅವ್ವ ಆ ತುಟಿಯನ್ನೇ ನೋಡಿದಳು. ಅವಳ ಮುಖದ ಮೇಲಿನ ಗೆಲುವು ಇಳಿದು ಹೋಗುವುದನ್ನು ನಾನು ನಿಂತು ನೋಡಬೇಕಾಯಿತು.

ಅವ್ವ ಮಣಿ ತೆಗೆದು ಮಶೀನಿನ ಹಲಗೆಯ ಮೇಲಿಟ್ಟಳು. ಎಲುಬನ್ನು ನಡುಗಿಸುವ ಯಂತ್ರ ಹಲಗೆಯನ್ನೂ ನಡುಗಿಸಿತು. ಕಟ್ಟಿಗೆಯೊಳಗಿಂದ ದೊಡ್ಡವ್ವನ ದನಿ ಕೋಣೆಗೆಲ್ಲ ಸಣ್ಣಗೆ ಕೇಳಿಸಿತು: ಬಾಳವ್ವ, ಈ ಕಥೆಯಲ್ಲಿ ಒಂದು ತಪ್ಪಿದೆ, ಸ್ವಲ್ಪ ಉದ್ದವಾಯಿತು, ಆದರೆ ನಿನಗೆ ಹಿಡಿಸುತ್ತದೆ.

ದೊಡ್ಡವ್ವ ಹೊಸ್ತಿಲು ದಾಟಲಿಲ್ಲ. ಅಲ್ಲೇ ನಿಂತು ಹೇಳಿದಳು: “ಬಾಳೀ, ಮೊದಲ ತಪ್ಪು ಹೇಳತೀನಿ. ಅದು ನಾ ಅಲ್ಲ. ಒಂದು ದಿನಾನೂ ನಾ ಅಲ್ಲ.”

ಅವ್ವ ಶುರುಮಾಡಿದಳು ನೋಡಿ. ಆರು ವರ್ಷ ಕೂಡಿಟ್ಟ ಬೈಗುಳವೆಲ್ಲ ಹೊರಗೆ ಬಂತು. ನನ್ನ ಮಗಳ ಬಾಳು ಹಾಳು ಮಾಡಿದಿ, ಆಮೇಲೆ ತಿರುಗಿ ನೋಡಲಿಲ್ಲ, ಯಂತ್ರಕ್ಕೆ ಇದ್ದ ಕರುಳು ನಿನಗಿಲ್ಲದೆ ಹೋಯಿತಲ್ಲ ಎಂದಳು. ನಾನು ದಿನಾ ಮುಂಜಾನೆ ಕೆಲಸ ಬಿಟ್ಟು ಕಾಯುತ್ತಿದ್ದೆ, ಕಥೆಗಳ ತಪ್ಪು ಹೇಳುತ್ತೀ ಗುಣ ಹೇಳುತ್ತೀ, ಇವತ್ತು ಹೇಳಬಹುದು ನಾಳೆ ಹೇಳಬಹುದು ಎಂದು ಕಾದು ಕೂರುತ್ತಿದ್ದೆ ಎಂದಳು. ಅವಳ ದನಿ ಒಡೆಯಿತು. “ಅವತ್ತ ಅರ್ಧ ಹೇಳಿ ಹೋದ್ಯಲ್ಲ ಯಕ್ಕಾ, ಉಳದಿದ್ದು ಏನಿತ್ತು?”

ಆಗ ನನಗೆ ಆ ಚುಕ್ಕೆ ಅರ್ಥವಾಯಿತು. ಲಕ್ಷ ಕಥೆಗಳಲ್ಲಿ ಯಾವುದನ್ನು ಕೊಟ್ಟರೂ ಇಳಿಯದ ಚಡಪಡಿಕೆ. ಅವ್ವ ಕಥೆಗಾಗಿ ಕಾದೇ ಇರಲಿಲ್ಲ. ಯಂತ್ರಕ್ಕೆ ದೊಡ್ಡವ್ವನ ಎಲ್ಲ ಮಾತೂ ಕಲಿಸಿದ್ದೆವು, ಅವಳು ಆಡದೇ ಬಿಟ್ಟ ಆ ಒಂದು ಮಾತನ್ನು ಬಿಟ್ಟು. ನನಗೂ ಅದು ಗೊತ್ತಿರಲಿಲ್ಲ. ಅಡುಗೆ ಛಲೋ ಮಾಡುತ್ತಾಳೆ ಎಂದೋ, ಓದಿನಲ್ಲಿ ಜಾಣೆ ಎಂದೋ ಇರಬೇಕು ಅಂದುಕೊಂಡು ಸುಮ್ಮನಿದ್ದೆ.

ನೀನು ಹೇಳಲು ಎಲ್ಲಿ ಬಿಟ್ಟೆ ಎಂದು ದೊಡ್ಡವ್ವ ಕೇಳಿದಳು. ಈಗ ಬಿಟ್ಟಿದ್ದೇನೆ ಎಂದಳು ಅವ್ವ. ದೊಡ್ಡವ್ವ ಅವತ್ತು ಗಂಡಿನವರ ಮುಂದೆ ಕೂತಂತೆಯೇ ಹೊಸ್ತಿಲಿನ ಆಚೆ ಸರಿಯಾಗಿ ಕೂತುಕೊಂಡಳು. ಮೊದಲಿಂದ ಹೇಳಿದಳು.

“ಹುಡುಗಿಗೆ ಸಿಟ್ಟು ಭಾಳ್ರಿ. ಆದ್ರ ತನಗ ಏನರ ಆತಂತ ಅಕಿ ಸಿಟ್ಟಾಗಿದ್ದು ನಾ ಒಂದಿನಾ ನೋಡಿಲ್ಲ. ಬ್ಯಾರೇದವರಿಗೆ ಆದಾಗ ಅಷ್ಟ ಬರತೈತಿ. ನಿಮ್ಮನಿಗೆ ಬಂದ್ರ ನಿಮ್ಮ ಸಲುವಾಗಿ ಸಿಟ್ಟಾಗತಾಳ. ಅಂಥಾಕಿ ಬೇಕಂದ್ರ ಕರಕೊಂಡು ಹೋಗ್ರಿ.”

ಹಲಗೆಯ ಮೇಲಿನ ಮಣಿ ಚರ್ಮ ಸಿಗದೆ ತಾನೇ ಆರಿಹೋಯಿತು. ಅವ್ವ ಎದ್ದು ಹೋಗಿ ಅಕ್ಕನ ಕೈ ಹಿಡಿದು ಒಳಗೆ ಎಳೆದುಕೊಂಡಳು. ಇದನ್ನು ಅವತ್ತೇ ಹೇಳಿದ್ದರೆ ಲಗ್ನ ಆಗಿರುತ್ತಿತ್ತು ಎಂದು ಅತ್ತಳು. ಆಗದೇ ಇದ್ದದ್ದೇ ಛಲೋ ಆಯಿತು, ಆ ಮನುಷ್ಯ ಕಾಲು ಅಲ್ಲಾಡಿಸುತ್ತಿದ್ದ ಎಂದೆ ನಾನು. ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿ ಬಾಯಿ ಮುಚ್ಚು ಎಂದರು. ನಾನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ, ಬಹಳ ಹೊತ್ತು ತೊಳೆದುಕೊಂಡೆ.

ಸೋಮವಾರ ಎಲ್ಲರಿಗಿಂತ ಮೊದಲು ಪ್ರಯೋಗಾಲಯಕ್ಕೆ ಹೋದೆ. ದೊಡ್ಡವ್ವನ ದನಿಯ ಕಡತ, ಅದರ ನಕಲು, ನಕಲಿನ ನಕಲು, ಎಲ್ಲ ಎಲ್ಲಿವೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲವನ್ನೂ ಅಳಿಸಿದೆ. ಮುಂಡರಗಿಯ ಡ್ರೈವರ್ ನೆನಪಾದ. ಅವನ ವಿಳಾಸವನ್ನು ದೊಡ್ಡವ್ವನಿಗೆ ಹೇಳಿದ್ದೆ. ರೊಟ್ಟಿ ಕಟ್ಟಿಕೊಂಡು ದಾವಲಬಿಯ ಜೊತೆ ಒಂದು ದಿನ ಹೋಗಿ ಬರುತ್ತೇನೆ ಎಂದಿದ್ದಳು. ಉಳಿದವರಿಗೆ ಏನು ಮಾಡಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ, ಅದು ನನ್ನನ್ನು ಕೊರೆಯುತ್ತಲೇ ಇದೆ.

ಬೆಳಗಿನ ಸೂಚನೆಯ ಹೊತ್ತಿಗೆ ಎಪ್ಪತ್ತು ಸಾವಿರ ಕಿವಿಗಳಲ್ಲಿ ಹಳೆಯ ಸಕ್ಕರೆ ದನಿ ಬಂತು. ನಕಾಶೆ ಕೆಂಪಾಗುತ್ತ ಹೋಯಿತು, ಫೋನುಗಳು ಹೊಡೆದುಕೊಂಡವು. ಅಣ್ಣಿಗೇರಿಯ ಚುಕ್ಕೆ ಮಾತ್ರ ಇರಲಿಲ್ಲ, ಅವ್ವ ಮಣಿ ಹಚ್ಚಿಕೊಂಡಿರಲಿಲ್ಲ.

ಕಟ್ಟಿ ಸರ್ ಬಂದು ಗೋಡೆ ನೋಡಿದರು, ನನ್ನನ್ನು ನೋಡಿದರು. ನೀವೇ ಏನ್ರಿ ಎಂದರು. ಹೌದು ಎಂದೆ. ಅವರು ಕೂಗಾಡಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. ಮೂರು ವರ್ಷದ ಕೆಲಸ ಶಶಿಕಲಾ, ಸಿಟ್ಟಿನಲ್ಲಿ ಒಂದು ಬೆಳಗಿನಲ್ಲಿ ಮುಗಿಸಿದಿರಿ ಎಂದರು. ನಾನು ಚೀಲಕ್ಕೆ ನನ್ನ ಡಬ್ಬಿ, ನೀರಿನ ಬಾಟಲಿ ಹಾಕಿಕೊಳ್ಳುತ್ತಿದ್ದೆ.

“ಅಲ್ರೀ, ಇಷ್ಟು ಸಿಟ್ಟು ಬರ್ಲಿಕ್ಕೆ ನಿಮಗೇನಾಗಿತ್ತು?” ಎಂದು ಕೇಳಿದರು.

“ನನಗೇನೂ ಆಗಿರಲಿಲ್ರಿ ಸರ್” ಎಂದೆ.